ಮೂವತ್ತಕ್ಕೆ ಇಳಿಸಿದ ಬೆಳಕು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಭಾವ ನಮ್ಮ ಮನೆಗೆ ಆ ದೀಪಗಳನ್ನು ತಂದು ಹಾಕಿದ್ದು ಯುಗಾದಿಗೆ ಮುಂಚೆಯೋ ಆಮೇಲೋ ಎಂದು ಕೇಳಿದರೆ ಮುಂಚೆ ಎನ್ನುತ್ತೇನೆ. ಆದರೆ ನಾನು ಏಣಿ ಹಿಡಿದು ನಿಂತಿದ್ದಾಗ ಬಾಗಿಲಲ್ಲಿ ಒಣಗಿದ ಮಾವಿನ ತೋರಣ ನೇತಾಡುತ್ತಿದ್ದ ಚಿತ್ರವೂ ಕಣ್ಣ ಮುಂದಿದೆ. ಅದು ಹೋದ ವರ್ಷದ ತೋರಣವೇ ಇದ್ದರೂ ಇರಬಹುದು, ನಮ್ಮ ಮನೆಯಲ್ಲಿ ಅದಕ್ಕೂ ಅವಕಾಶವಿದೆ. ಇತಿಹಾಸದಲ್ಲಿ ಎಂ.ಎ. ಮಾಡುವಾಗ ಯಾವ ಆಕರವನ್ನೂ ಪರೀಕ್ಷಿಸದೆ ನಂಬಬೇಡಿ ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರು. ಉಳಿದ ಪಾಠಗಳೆಲ್ಲ ಮರೆತು ಅದೊಂದು ಉಳಿದುಕೊಂಡಿತು, ಅಂದಿನಿಂದ ಎಲ್ಲರಿಗಿಂತ ಮೊದಲು ನನ್ನನ್ನೇ ಅನುಮಾನಿಸುತ್ತೇನೆ. ದಿನಾ ಸಂಜೆ ಡೈರಿ ಬರೆಯುವುದೂ ಇದೇ ಕಾರಣಕ್ಕೆ. ಬರೆಯಲು ಕೂತಾಗ ಬೆಳಗ್ಗೆ ತಿಂದದ್ದು ಉಪ್ಪಿಟ್ಟೋ ಅವಲಕ್ಕಿಯೋ ಎಂದು ನೆನಪಾಗದಿದ್ದರೆ ಇವರನ್ನು, ಅಂದರೆ ನನ್ನ ಗಂಡನನ್ನು, ಕೇಳುತ್ತೇನೆ. ಇವರು ಟಿ.ವಿ.ಯಿಂದ ಕಣ್ಣು ತೆಗೆಯದೆ “ಚೆನ್ನಾಗಿತ್ತು” ಎನ್ನುತ್ತಾರೆ. ಹಾಗೆಂದೇ ಬರೆದುಕೊಳ್ಳುತ್ತೇನೆ.

ನಾವಿರುವುದು ಸಹಕಾರನಗರದಲ್ಲಿ. ಅಕ್ಕ ಭಾವ ವಿದ್ಯಾರಣ್ಯಪುರದಲ್ಲಿ. ಅಮ್ಮ ಇರುವುದು ಅಕ್ಕನ ಮನೆಯಲ್ಲಿ. ಭಾವ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ರಿಪೇರಿ ಮಾಡಲು ಏನೂ ಸಿಗದೆ ಸ್ವಲ್ಪ ದಿನ ಬಡವಾಗಿದ್ದರು. ಆಮೇಲೆ ಫೋನಿನಿಂದ ಮನೆಯ ದೀಪ ಹಚ್ಚುವ, ಆರಿಸುವ, ಬೇಕಾದಷ್ಟು ಹೆಚ್ಚು ಕಡಿಮೆ ಮಾಡುವ ವ್ಯವಸ್ಥೆಯೊಂದು ಅವರ ಕಣ್ಣಿಗೆ ಬಿದ್ದು ಮುಖಕ್ಕೆ ಕಳೆ ಬಂತು. ನಮ್ಮ ಎರಡು ಮನೆಗಳಲ್ಲಿ ಮೊದಲಿಂದಲೂ ಒಂದು ಪದ್ಧತಿಯಿದೆ: ಅಲ್ಲೊಂದು ಬಂದರೆ ಇಲ್ಲೊಂದು ಬರಬೇಕು. ಕುಕ್ಕರು, ಮಿಕ್ಸಿ, ದಿವಾನಿನ ಹಾಸು, ಗೌರಿಹಬ್ಬದ ಸೀರೆ ಎಲ್ಲವೂ ಜೋಡಿ. ನೆಂಟರು ಒಂದು ಮನೆಯಿಂದ ಇನ್ನೊಂದಕ್ಕೆ ಬಂದರೆ ಊರು ಸುತ್ತಿ ಹೊರಟಲ್ಲಿಗೇ ಬಂದೆವೇನೋ ಎಂದುಕೊಳ್ಳುತ್ತಾರೆ. ಹಾಗಾಗಿ ದೀಪಗಳೂ ಜೋಡಿಯಾಗಿಯೇ ಬಂದವು.

ಮೊದಲ ದಿನ ಭಾವ ನಮ್ಮ ಹಳೆಯ ಬಲ್ಬುಗಳಿಗೇ ಹೊಸ ಡಿಮ್ಮರ್ ಜೋಡಿಸಿದರು. ಬೆಳಕು ಕಡಿಮೆ ಮಾಡಿದ ಕೂಡಲೇ ಅವು ಚಳಿ ಹಿಡಿದಂತೆ ನಡುಗತೊಡಗಿದವು. ನಮ್ಮ ಹಾಲ್ ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾದಂತಾಯಿತು. ಎದುರು ಮನೆಯವರು ಏನು ವಿಶೇಷ ಎಂದು ಕಿಟಕಿಯಿಂದ ಇಣುಕಿದರು. ಎಲ್ಲ ಬಲ್ಬೂ ಮಂದವಾಗಲು ಒಪ್ಪುವುದಿಲ್ಲ, ಅದಕ್ಕೆಂದೇ ಮಾಡಿದವು ಬೇಕು ಎಂದು ಭಾವ ವಿವರಿಸಿ ಮರುದಿನ ಬೇರೆ ತಂದರು. ತೀರಾ ಕಡಿಮೆ ಮಾಡಿದರೆ ಅವೂ ಮಿಣುಕುತ್ತವೆಂದು ಶೇಕಡಾ ಹತ್ತಕ್ಕಿಂತ ಕೆಳಗೆ ಹೋಗದ ಹಾಗೆ ಕಟ್ಟು ಹಾಕಿದರು. ಕೊನೆಗೆ ನನ್ನ ಫೋನು ತೆಗೆದುಕೊಂಡು ಆಪ್ ಹಾಕಿ, ‘ಹಾಲ್’ ಎಂದು ಬರೆದಿದ್ದ ಒಂದು ಪಟ್ಟಿಯನ್ನು ತೋರಿಸಿದರು. ಬೆರಳಿಟ್ಟು ಬಲಕ್ಕೆ ಎಳೆದರೆ ನೂರು, ಎಡಕ್ಕೆ ಎಳೆದರೆ ಹತ್ತು. ಗೋಡೆಯ ಗುಂಡಿಯೂ ಇದೆ, ಆದರೆ ಎದ್ದು ಹೋಗುವ ಕಷ್ಟ ಯಾಕೆ ಎಂದರು. ನಾನು ಎಡಕ್ಕೂ ಬಲಕ್ಕೂ ಎಳೆದು ನೋಡಿದೆ. ಸೂರ್ಯನನ್ನು ಹಿಡಿದ ಹಾಗಾಯಿತು. ಅಂಥ ಅಧಿಕಾರ ನನಗೆ ಆ ಮನೆಯಲ್ಲಿ ಅದುವರೆಗೆ ಸಿಕ್ಕಿರಲಿಲ್ಲ.

ಡೈರಿ ಬರೆಯಲು ನನಗೆ ಮೂವತ್ತು ಸಾಕು. ಅಷ್ಟು ಬೆಳಕಿನಲ್ಲಿ ಅಕ್ಷರ ಕಾಣುತ್ತದೆ, ಪೀಠೋಪಕರಣದ ಧೂಳು ಕಾಣುವುದಿಲ್ಲ. ದಿನಾ ಸಂಜೆ ಮೂವತ್ತಕ್ಕೆ ಎಳೆದು ಕೂರುತ್ತಿದ್ದೆ. ಸ್ವಲ್ಪ ಹೊತ್ತಿಗೆ ಹಾಲ್ ತಾನಾಗಿಯೇ ಝಗ್ ಎಂದು ನೂರಕ್ಕೆ ಏರುತ್ತಿತ್ತು. ಇಳಿಸಿದರೆ ಮತ್ತೆ ಏರುತ್ತಿತ್ತು. ಇವರಿಗೆ ಹೇಳಿದೆ. ನೀನೇ ಎಲ್ಲೋ ಒತ್ತಿರ್ತೀಯ ಬಿಡು ಎಂದರು. ಒತ್ತಿಲ್ಲ ಎಂದು ಮೊದಲ ವಾರ ವಾದಿಸಿದೆ. ಎರಡನೆಯ ವಾರ ಕೈ ತಗುಲಿರಬಹುದೇನೋ ಅನ್ನಿಸಿತು. ಆಮೇಲೆ ಇವರು ಕೇಳುವ ಮೊದಲೇ “ಇರಬಹುದು” ಎನ್ನತೊಡಗಿದೆ. ಗಂಡಂದಿರು ನೆಮ್ಮದಿಯಿಂದ ಟಿ.ವಿ. ನೋಡಲು ಇದಕ್ಕಿಂತ ಒಳ್ಳೆಯ ಉತ್ತರ ಇನ್ನೊಂದಿಲ್ಲ.

ಇದೇ ಹೊತ್ತಿಗೆ ವಿದ್ಯಾರಣ್ಯಪುರದಿಂದ ಅಕ್ಕನ ಫೋನುಗಳು ಹೆಚ್ಚಾದವು. ಅಮ್ಮನಿಗೆ ಮರೆವು ಶುರುವಾಗಿದೆ ಎಂದಳು. ಇವಳು ವಾಕಿಂಗ್ ಮುಗಿಸಿ ಬಂದು ನೋಡಿದರೆ ಅಮ್ಮ ಅರೆಗತ್ತಲಲ್ಲಿ ಪೇಪರ್ ಹಿಡಿದು ಕೂತಿರುತ್ತಾಳಂತೆ. ಯಾಕೆ ಲೈಟು ಕಡಿಮೆ ಮಾಡಿದೆ ಎಂದರೆ ತಾನು ಮುಟ್ಟಿಲ್ಲ, ಅದೇ ಕಡಿಮೆಯಾಯಿತು ಎನ್ನುತ್ತಾಳಂತೆ. ಅದೇ ಹೇಗಾಗುತ್ತೆ ಹೇಳು ಎಂದು ಅಕ್ಕ ನನ್ನನ್ನು ಕೇಳಿದಳು. ಹೇಗೂ ಆಗುವುದಿಲ್ಲ ಎಂದೆ. ನಮ್ಮ ಮನೆಯ ದೀಪ ಅದೇ ಹೆಚ್ಚಾಗುತ್ತದೆ ಎಂಬುದನ್ನು ಅವಳಿಗೆ ಹೇಳಲಿಲ್ಲ, ಏಕೆಂದರೆ ಅಷ್ಟರಲ್ಲಿ ನನಗೇ ಅದರಲ್ಲಿ ನಂಬಿಕೆ ಉಳಿದಿರಲಿಲ್ಲ.

ಬರೀ ದೀಪದ ಮಾತಾಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಅಮ್ಮನಿಗೆ ಮಧ್ಯಾಹ್ನ ಮಲಗಿ ಎದ್ದ ಮೇಲೆ ತಾನೇ ಡಿಕಾಕ್ಷನ್ ಹಾಕಿ, ತಾನೇ ಹಾಲು ಕಾಯಿಸಿ, ನೊರೆ ಬರುವಂತೆ ಎತ್ತಿ ಎತ್ತಿ ಹೊಯ್ದು ಕಾಫಿ ಕುಡಿಯಬೇಕು. ಬೇರೆಯವರು ಮಾಡಿಕೊಟ್ಟದ್ದನ್ನು ಅವಳು ಕಾಫಿ ಎಂದು ಕರೆಯುವುದಿಲ್ಲ, ‘ಬಿಸಿ’ ಎನ್ನುತ್ತಾಳೆ. ಆ ಮನೆಯಲ್ಲಿ ಅವಳದೇ ಎನ್ನಬಹುದಾದ ಕೆಲಸ ಅದೊಂದೇ. ಹಚ್ಚಿದ ದೀಪವೇ ನೆನಪಿಲ್ಲದವಳು ಹಚ್ಚಿದ ಒಲೆ ಮರೆತರೆ ಏನು ಗತಿ ಎಂದು ಅಕ್ಕ ಹೆದರಿದಳು. ಹೊರಗೆ ಹೋಗುವಾಗ ಸಿಲಿಂಡರ್ ಬಂದ್ ಮಾಡಿ, ಲೈಟರನ್ನು ಬೀರುವಿನಲ್ಲಿಟ್ಟು, ಫ್ಲಾಸ್ಕಿನಲ್ಲಿ ಕಾಫಿ ಮಾಡಿಟ್ಟು ಹೋಗತೊಡಗಿದಳು. ನಾನು ಮಾಡಿದ್ದು ಸರಿಯಾ ಎಂದು ಕೇಳಿದಳು. ನಾನು ಓದಿದವಳಲ್ಲವೇ, ತೂಗಿ ನೋಡಿ, ಸರಿ ಎಂದೆ. ಅಮ್ಮನ ಹತ್ತಿರ ಮಾತಾಡಿದಾಗ ಅವಳು ಫ್ಲಾಸ್ಕಿನ ಸುದ್ದಿ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಒಂದು ದಿನ ಸಂಜೆ ನಮ್ಮಲ್ಲಿ ಕರೆಂಟ್ ಹೋಗಿತ್ತು. ಇಡೀ ಬೀದಿ ಕತ್ತಲು. ಅಕ್ಕ ಫೋನ್ ಮಾಡಿದಳು. ಮರೆವಿನ ಡಾಕ್ಟರೊಬ್ಬರ ಹತ್ತಿರ ಅಮ್ಮನಿಗೆ ಟೈಮ್ ತೆಗೆದುಕೊಂಡಿದ್ದೇನೆ, ನೀನೂ ಬರಬೇಕು, ಇಬ್ಬರೂ ಹೇಳಿದರೆ ಒಲೆ ಹತ್ತಿರ ಹೋಗುವುದನ್ನು ಪೂರ್ತಿ ಬಿಡುತ್ತಾಳೆ ಎಂದಳು. ಹೂಂ ಎನ್ನುತ್ತಾ, ಕತ್ತಲಲ್ಲಿ ಮಾಡಲು ಬೇರೇನೂ ಇಲ್ಲದೆ, ಫೋನನ್ನು ಸ್ಪೀಕರಿಗೆ ಹಾಕಿ ಆಪ್ ತೆರೆದೆ. ‘ಹಾಲ್: ಎಂಟು ದೀಪಗಳು, ನಾಲ್ಕು ಉರಿಯುತ್ತಿವೆ’ ಎಂದಿತ್ತು.

ತಲೆಯೆತ್ತಿ ನೋಡಿದೆ. ಒಂದೂ ಉರಿಯುತ್ತಿರಲಿಲ್ಲ. ಅದಿರಲಿ, ಎಂಟು ಎಲ್ಲಿಂದ ಬಂದವು? ಮೊಬೈಲ್ ಟಾರ್ಚ್ ಹಾಕಿ ಸೂರು ನೋಡಿದೆ. ಇಷ್ಟು ದಿನ ಆ ದೀಪಗಳ ಕೆಳಗೆ ಕೂತು ದಿನಚರಿ ಬರೆದವಳು ಅವನ್ನು ಎಣಿಸಿದ್ದು ಅದೇ ಮೊದಲು. ನಾಲ್ಕೇ ಇದ್ದವು. ಏನು ಯೋಚಿಸಿದೆನೋ ನೆನಪಿಲ್ಲ, ಬೆರಳು ಮಾತ್ರ ಅಭ್ಯಾಸದ ಮೇಲೆ ಪಟ್ಟಿಯನ್ನು ಮೂವತ್ತಕ್ಕೆ ಎಳೆಯಿತು.

ಸ್ಪೀಕರಿನಲ್ಲಿ ಅಕ್ಕನ ಧ್ವನಿ ಆಚೆ ತಿರುಗಿತು. “ಅಮ್ಮಾ, ಮತ್ತೆ ಲೈಟ್ ಮುಟ್ಟಿದ್ಯಾ?”

ಆಮೇಲೆ ದೂರದಿಂದ ಅಮ್ಮನ ಧ್ವನಿ: “ಹೂಂ ಕಣೇ. ನಾನೇ ಇರ್ಬೇಕು.”

ನನ್ನ ಬೆರಳು ಇನ್ನೂ ಮೂವತ್ತರ ಮೇಲೇ ಇತ್ತು. ಆ ಹೊತ್ತಿನಲ್ಲಿ ನನಗಾದದ್ದನ್ನು ವರ್ಣಿಸುವ ಪದಗಳು ನನ್ನ ಡೈರಿಯಲ್ಲೂ ಇಲ್ಲ, ಅಲ್ಲಿ ಆ ದಿನದ ಹಾಳೆಯಲ್ಲಿ ‘ಕರೆಂಟ್ ಇರಲಿಲ್ಲ’ ಎಂದಷ್ಟೇ ಇದೆ. ಬೆರಳನ್ನು ನೂರಕ್ಕೆ ಎಳೆದೆ, ಹತ್ತಕ್ಕೆ ಎಳೆದೆ, ಮತ್ತೆ ನೂರಕ್ಕೆ.

“ಅಯ್ಯೋ, ಇದೇನೇ ಇದು, ದೀಪ ಕುಣೀತಾ ಇದೆ,” ಎಂದಳು ಅಕ್ಕ.

“ಅಮ್ಮ ಎಲ್ಲಿದ್ದಾಳೆ?”

“ಇಲ್ಲೇ ದಿವಾನ್ ಮೇಲೆ. ಮೆಂತ್ಯ ಸೊಪ್ಪು ಬಿಡಿಸ್ತಾ ಇದ್ದಾಳೆ.”

“ಎರಡೂ ಕೈಲೂ?”

“ಒಂದೇ ಕೈಲಿ ಯಾರಾದ್ರೂ ಸೊಪ್ಪು ಬಿಡಿಸ್ತಾರೇನೆ? ನಿನಗೇನಾಯ್ತು?”

ನನಗೇನಾಯಿತು ಎಂದು ಹೇಳಿದೆ. ಅದಕ್ಕೆ ಅಕ್ಕನೂ ಒಂದು ಮಾತು ಹೇಳಿದಳು: ವಾಕಿಂಗಿನಿಂದ ಬಂದು, ಅಮ್ಮ ಕತ್ತಲಲ್ಲಿ ಕೂತಿದ್ದಾಳೆಂದು, ಅವಳು ದಿನಾ ಫೋನಿನಲ್ಲಿ ‘ಹಾಲ್’ ಪಟ್ಟಿಯನ್ನು ನೂರಕ್ಕೆ ಎಳೆಯುತ್ತಿದ್ದಳಂತೆ. ಅಂದರೆ ಅಕ್ಕತಂಗಿಯರು ಇಬ್ಬರೂ ಸಂಜೆಯಾದರೆ ಎರಡು ಬಡಾವಣೆಗಳಲ್ಲಿ ಕೂತು, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಒಂದೇ ಬೆಳಕನ್ನು ಎಳೆದಾಡುತ್ತಿದ್ದೆವು. ನಡುವೆ ಅಮ್ಮ ಪೇಪರ್ ಹಿಡಿದುಕೊಂಡಿದ್ದಳು.

ಭಾವನನ್ನು ಕೇಳಿದರೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಎರಡು ಮನೆಗೂ ಒಂದೇ ಅಕೌಂಟ್ ಮಾಡಿದ್ದೆ, ಎರಡೂ ಮನೆಯ ದೀಪಗಳನ್ನು ಒಂದೇ ‘ಹಾಲ್’ಗೆ ಸೇರಿಸಿದ್ದೆ ಎಂದರು. ಎರಡು ಪಾಸ್‌ವರ್ಡ್ ನೆನಪಿಟ್ಟುಕೊಳ್ಳುವುದು ತಮಗೆ ಕಷ್ಟವಂತೆ. ಹಾಗೆ ಯಾಕೆ ಮಾಡಿದಿರಿ ಭಾವ ಎಂದರೆ ನೊಂದವರಂತೆ ನನ್ನನ್ನು ನೋಡಿ, “ಯಾಕಮ್ಮಾ, ನಾವೆಲ್ಲ ಒಂದೇ ಮನೆಯವರಲ್ವಾ?” ಎಂದರು. ಜೋಡಿ ಕುಕ್ಕರು, ಜೋಡಿ ಸೀರೆ ಎಂದು ಇಷ್ಟು ವರ್ಷ ಮೆರೆದವರು ನಾವೇ. ಮರುದಿನ ಅವರು ಅಕೌಂಟ್ ಬೇರೆ ಮಾಡಿದರು. ಆಸ್ತಿ ಪಾಲಾದಷ್ಟೇ ಗಂಭೀರವಾಗಿ ನಾಲ್ಕು ದೀಪ ಅತ್ತ, ನಾಲ್ಕು ಇತ್ತ ಹೋದವು. ಅಕ್ಕ ಡಾಕ್ಟರಿಗೆ ಫೋನ್ ಮಾಡಿ ಬರುವುದಿಲ್ಲ ಎಂದಳು. ಕಾರಣ ಕೇಳಿದ್ದಕ್ಕೆ ದೀಪ ಸರಿಯಾಯಿತು ಎಂದು ಹೇಳಿಬಿಟ್ಟಳಂತೆ.

ಆ ಶನಿವಾರ ನಾನು ವಿದ್ಯಾರಣ್ಯಪುರಕ್ಕೆ ಹೋದೆ. ಅಕ್ಕ ಲೈಟರನ್ನು ಏನೂ ಆಗಿಲ್ಲವೆಂಬಂತೆ ಒಲೆಯ ಪಕ್ಕದಲ್ಲಿ ಇಟ್ಟಿದ್ದಳು. ಅಮ್ಮನೂ ಏನೂ ಆಗಿಲ್ಲವೆಂಬಂತೆ ಅದನ್ನು ತೆಗೆದುಕೊಂಡು ಒಲೆ ಹಚ್ಚಿದಳು. ಹಾಲು ಉಕ್ಕುವ ಒಂದು ಕ್ಷಣ ಮೊದಲು ಸರಿಯಾಗಿ ಉರಿ ತಗ್ಗಿಸಿದಳು. ನಾನು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಆ ಸಂಜೆಯಿಂದ ಕೇಳಬೇಕೆಂದಿದ್ದುದನ್ನು ಕೇಳಿದೆ.

“ಅಮ್ಮಾ, ನೀನು ಮುಟ್ಟಿಲ್ಲ ಅಂತ ನಿನಗೆ ಗೊತ್ತಿತ್ತು ಅಲ್ವಾ? ಮತ್ತೆ ಯಾಕಮ್ಮ ‘ನಾನೇ ಇರ್ಬೇಕು’ ಅಂದೆ?”

ಅಮ್ಮ ಲೋಟದಿಂದ ಲೋಟಕ್ಕೆ ಕಾಫಿ ಎತ್ತಿ ಹೊಯ್ಯುತ್ತಿದ್ದಳು. ಸಕ್ಕರೆ ಸಾಕಾ ನೋಡು ಎಂದಳು. ಸಾಕು ಎಂದೆ. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಇನ್ನೊಮ್ಮೆ ಕೇಳಿದೆ. ಬಸ್ ಬರೋ ಹೊತ್ತಾಯ್ತು, ಹೊರಡು ಎಂದಳು. ಮೊನ್ನೆ ಫೋನಿನಲ್ಲೂ ಕೇಳಿದೆ. ಅಮ್ಮ ನಿಮ್ಮ ಕಡೆ ಮಳೆಯಾ ಎಂದಳು. ಪಕ್ಕದಲ್ಲಿ ಟಿ.ವಿ. ನೋಡುತ್ತಿದ್ದ ಇವರು, ಇದನ್ನೇ ಎಷ್ಟು ಸಲ ಕೇಳ್ತೀಯ, ಮೊದಲು ಕೇಳಿದ್ದು ಮರೆತೇಹೋಯ್ತಾ ಎಂದರು.

ಇರಬಹುದು ಎಂದೆ. ಎಂದ ಮೇಲೆ, ಆ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದು ಗಾಬರಿಯಾಯಿತು. ಮತ್ತೆ ಫೋನ್ ಹಚ್ಚಿ ಅದೇ ಪ್ರಶ್ನೆ ಕೇಳಿದೆ. ಅಮ್ಮ ಇನ್ನೂ ಏನೂ ಹೇಳಿಲ್ಲ.