ಮೊಳೆಯ ಮೇಲಿನ ಬಿಲ್ಲೆ

ಬೆಳಗಿನಿಂದ ಹಾಲು ಕಾಯಿಸಿದೆ, ಮಾವನಿಗೆ ಬಿಪಿ ಮಾತ್ರೆ ಕೊಟ್ಟೆ, ಹುರುಳಿಕಾಳು ಬೇಯಲಿಟ್ಟೆ, ನೀರಿನ ಸಂಪು ತುಂಬಿಸಿದೆ, ಹರಿದ ದಿಂಬಿನ ಕವರು ಹೊಲಿದೆ, ಗಣಿಯ ಗೇಟಿನೊಳಗೆ ಸಿಕ್ಕಿಕೊಂಡ ಒಬ್ಬ ಮನುಷ್ಯನನ್ನು ಮನೆಗೆ ಕಳಿಸಲು ನೋಡಿದೆ. ಕೊನೆಯದೊಂದು ಆಗಲಿಲ್ಲ. ಹತ್ತೊಂಬತ್ತು ದಿನದಿಂದ ಆಗಿಲ್ಲ.

ಈ ವಯಸ್ಸಿಗೆ ಬಂದು ನನಗೆ ಹಳೇ ಕಾಲದ ಕಂಪ್ಯೂಟರ್ ಆಟದ ಚಟ ಹತ್ತಿದೆ ಎಂದು ಒಪ್ಪಿಕೊಂಡುಬಿಡುತ್ತೇನೆ. ಆಂಡರ್ಸನ್‌ಪೇಟೆಯಲ್ಲಿ ಸಂಸಾರ ಮಾಡುವ ಮಗಳು ಹಾಕಿಕೊಟ್ಟು ಹೋದದ್ದು. ಗುಂಡು ಹಾರಿಸುವ ಆಟವಲ್ಲ. ಒಂದು ಕಥೆ, ಒಂದು ಕೋಣೆ, ಅದರಲ್ಲೊಂದು ಹಗ್ಗ, ಲಾಟೀನು, ತುಕ್ಕು ಹಿಡಿದ ಬೀಗ. ಯಾವುದು ಯಾವುದಕ್ಕೆ ಎಂದು ನಾವೇ ಕೂತು ಯೋಚಿಸಬೇಕು. ಕುಕ್ಕರ್ ಕೂಗಿದರೆ ಎದ್ದು ಹೋಗಬಹುದು, ಆಟದವನು ನಿಂತಲ್ಲೇ ತಲೆ ಕೆರೆದುಕೊಳ್ಳುತ್ತ ಕಾಯುತ್ತಾನೆ. ಮದುವೆಯಾದಾಗಿನಿಂದ ನನಗಾಗಿ ಇಷ್ಟು ಹೊತ್ತು ಕಾದ ಗಂಡಸು ಇವನೊಬ್ಬನೇ.

ಆದರೆ ಈ ಆಟ ನಡೆಯುವುದು ಚಿನ್ನದ ಗಣಿಯಲ್ಲಿ. ನಮ್ಮ ಮಾವ ಮೈಸೂರು ಮೈನ್ಸಿನಲ್ಲಿ ಮೂವತ್ತು ವರ್ಷ ಇಳಿದು ಹತ್ತಿದವರು. ಗಣಿ ಮುಚ್ಚಿ ಬಂಗಾರಪೇಟೆಯ ನಮ್ಮ ಮನೆಗೆ ಬಂದ ಮೇಲೆ ಮಾತೇ ಬಿಟ್ಟಿದ್ದವರು, ಈಗ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂರುತ್ತಾರೆ. ಆಟದವನು ಕೆಳಗಿಳಿಯುವಾಗ ಬೋರ್ಡಿನ ಮೊಳೆಯಿಂದ ಒಂದು ಹಿತ್ತಾಳೆ ಬಿಲ್ಲೆ ತೆಗೆದುಕೊಂಡ. ಮೇಲೆ ಬಂದಾಗ ಮಾವ ಅದನ್ನು ವಾಪಸು ತೂಗುಹಾಕಿಸಿದರು. ಗಣಿಯ ಕಟ್ಟಳೆ ಅದು. ಆಮೇಲೆ ಹೊರಗೆ ಹೋಗುವ ಗೇಟು ತೆರೆಯಲೇ ಇಲ್ಲ. ಹಗ್ಗ ಹಾಕಿದೆ, ಎಣ್ಣೆ ಬಿಟ್ಟೆ, ಲಾಟೀನಿನಿಂದ ಬಡಿದೆ. ನಿನ್ನೆ ಸೋತು ಮಗಳಿಗೆ ಫೋನ್ ಮಾಡಿದರೆ, ಗೇಟಿನ ಸೀಳಿಗೆ ಹಾಕಬೇಕಾದದ್ದು ಆ ಬಿಲ್ಲೆಯನ್ನೇ, ಅದನ್ನು ಯಾರಾದರೂ ವಾಪಸು ಇಡುತ್ತಾರಾ ಎಂದು ನಕ್ಕಳು.

ಮಾವನಿಗೆ ಹೇಳಿದೆ. ಅವರು ನಗಲಿಲ್ಲ.

"ಬ್ಯಾಡಮ್ಮ. ಮೊಳೇಲಿ ಬಿಲ್ಲೆ ಇಲ್ದಿದ್ರೆ ಅವ್ನು ಕೆಳಗೇ ಅವ್ನೆ ಅಂತ. ಉಡುಕಾಕೆ ಜನ ಇಳೀತಾರೆ."

ಈ ಆಟದಲ್ಲಿ ಬೇರೆ ಜನವೇ ಇಲ್ಲ ಮಾವ ಎಂದೆ.

"ನಿಂಗೆ ಕಾಣಲ್ಲ, ಅಷ್ಟೇ."

ಆಮೇಲೆ, ಇಷ್ಟು ವರ್ಷ ಈ ಮನೆಯಲ್ಲಿದ್ದೂ ನಾನು ಕೇಳದ ಮಾತೊಂದನ್ನು ಹೇಳಿದರು. ಒಮ್ಮೆ ಬಿಲ್ಲೆಯನ್ನು ಅಂಗಿ ಜೇಬಿನಲ್ಲೇ ಮರೆತು ಮನೆಗೆ ಬಂದು ಮುದ್ದೆ ಉಣ್ಣುತ್ತಿದ್ದರಂತೆ. ಅವರನ್ನು ಹುಡುಕಿಕೊಂಡು ಇಳಿದ ಜೊತೆಗಾರ ಮುನಿಯಪ್ಪನ ಕಾಲು ಹೋಯಿತಂತೆ. ಹೇಳಿ ಎದ್ದು ಹೊರಗೆ ಹೋದರು.

ಇವತ್ತು ಮಾವ ಬಿಸಿಲು ಕಾಯಿಸಲು ಜಗಲಿಗೆ ಹೋದದ್ದೇ, ಕಳ್ಳಿಯಂತೆ ಬಿಲ್ಲೆ ತೆಗೆದು ಸೀಳಿಗೆ ಹಾಕಿದೆ. ಗೇಟು ತೆರೆಯಿತು. ಆಚೆ ಹಸಿರು ಗುಡ್ಡ, ಒಂದು ಮನೆ, ಅದರ ಚಿಮಣಿಯಲ್ಲಿ ಹೊಗೆ. ಇನ್ನೊಂದು ಹೆಜ್ಜೆ ಅಷ್ಟೇ. ಹಾಳಾದ ನನ್ನ ಕಣ್ಣು ಹಿಂದೆ, ಖಾಲಿ ಮೊಳೆಯ ಮೇಲೆ ಬಿತ್ತು. ಬಿಲ್ಲೆ ಕಿತ್ತುಕೊಂಡು ಹೋಗಿ ಅಲ್ಲೇ ತೂಗುಹಾಕಿದೆ. ಗೇಟು ಮುಚ್ಚಿಕೊಂಡಿತು. ಗೆಲ್ಲುವ ದಾರಿ ಗೊತ್ತಿದ್ದೂ ಸೋತು ಕೂತ ದಡ್ಡಿ ಈ ತಾಲ್ಲೂಕಿನಲ್ಲಿ ಇನ್ನೊಬ್ಬಳು ಇರಲಾರಳು.

ಒಳಗೆ ಬಂದ ಮಾವ ಬಿಲ್ಲೆ ಎಲ್ಲಿ ಎಂದರು. ಮೊಳೆಯಲ್ಲೇ ಇದೆ ಎಂದೆ.

"ಸರಿ, ಊಟಕ್ಕಿಕ್ಕು."

ಮಧ್ಯಾಹ್ನಕ್ಕೆ ಮುದ್ದೆ, ಹುರುಳಿ ಬಸ್ಸಾರು. ಮಾವ ಎರಡನೇ ಮುದ್ದೆ ಕೇಳಿ ಹಾಕಿಸಿಕೊಂಡರು, ಮೊದಲು ನಿದ್ದೆ ಹೋದವರೂ ಅವರೇ. ಆಮೇಲೆ ನಾನು. ಆಟದವನು ಮಾತ್ರ ಗೇಟಿನ ಹತ್ತಿರ ತಲೆ ಕೆರೆದುಕೊಳ್ಳುತ್ತ ನಿಂತೇ ಇದ್ದ.