ಹದಿನೆಂಟನೇ ಖಾಲಿ ಜಾಗ

ಬೇರೆಯವರ ಖಾಲಿ ಜಾಗ ಕಂಡರೆ ನನಗೆ ಸಂಕಟವಾಗುತ್ತದೆ. ಇದನ್ನು ಹೊಟ್ಟೆಕಿಚ್ಚು ಎಂದು ತಿಳಿಯಬೇಡಿ. ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿಯೇ ತಲೆ ನರೆತವನ ಸಂಕಟ ಇದು. ಕೆಲವರಿಗೆ ಗೋಡೆಯ ಮೇಲಿನ ಫೋಟೊ ಓರೆಯಾಗಿದ್ದರೆ ನೆಟ್ಟಗೆ ಮಾಡುವ ತನಕ ಸಮಾಧಾನವಿರುವುದಿಲ್ಲ. ನನಗೆ ಎರಡು ಮನೆಗಳ ನಡುವೆ ಕಳೆ ಬೆಳೆದು ನಿಂತ ಸೈಟು ಕಂಡರೆ ಹಾಗೆ. ಅಲ್ಲಿ ರಸ್ತೆ ಇರುತ್ತದೆ, ಚರಂಡಿ ಇರುತ್ತದೆ, ನಲ್ಲಿ ಪೈಪು, ಕರೆಂಟು ಕಂಬ, ಕೂಗಿದರೆ ಓಗೊಡುವ ನೆರೆಹೊರೆ, ಎಲ್ಲ ಇರುತ್ತದೆ. ಇಲ್ಲದ್ದು ಮನೆ ಒಂದೇ. ಅದೇ ಊರ ಹೊರಗೆ ಹೋಗಿ ನೋಡಿ. ಗೊನೆ ತುಂಬ ಕಾಯಿ ಹೊತ್ತ ತೆಂಗಿನ ತೋಟವನ್ನು ಕಡಿದು, ಕಲ್ಲು ನೆಟ್ಟು, ಕಮಾನು ಕಟ್ಟಿ, ಕಡಿದ ಮರದ ಚಿತ್ರವನ್ನೇ ಕಮಾನಿನ ಮೇಲೆ ಬರೆಸಿರುತ್ತಾರೆ. ಅಲ್ಲಿ ಕಮಾನು ಬಿಟ್ಟರೆ ಮತ್ತೇನೂ ಇರುವುದಿಲ್ಲ. ನೀರಿಗೆ ಟ್ಯಾಂಕರು, ಹಾಲಿಗೆ ಸ್ಕೂಟರು, ಮಾತಿಗೆ ಫೋನು.

‘ಮೊದಲು ಊರೊಳಗಿನ ಸಂದು ತುಂಬಲಿ, ಆಮೇಲೆ ತೋಟದ ಕಡೆ ನೋಡಿ.’ ತಿಪಟೂರಿನಲ್ಲಿ ನನ್ನ ಬಾಯಿಂದ ಈ ಮಾತು ಕೇಳದವರು ಕಡಿಮೆ. ಮದುವೆ ಊಟದ ಪಂಕ್ತಿಯಲ್ಲಿ ಹೇಳಿದ್ದೇನೆ, ಕ್ಷೌರದಂಗಡಿಯಲ್ಲಿ ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡೇ ಹೇಳಿದ್ದೇನೆ. ಬರೀ ಬಾಯಿಮಾತಿನ ಗಿರಾಕಿ ನಾನಲ್ಲ. ನಿವೃತ್ತನಾದ ಮೇಲೆ ಒಂದು ಉದ್ದನೆಯ ನೋಟ್ ಪುಸ್ತಕ ಹಿಡಿದು, ನಮ್ಮ ಹಳೇ ಪೇಟೆಯ ಬೀದಿಗಳನ್ನೆಲ್ಲ ಸುತ್ತಿ, ಖಾಲಿ ಜಾಗಗಳ ಪಟ್ಟಿ ಮಾಡಿದೆ. ಒಟ್ಟು ಹದಿನೇಳು. ಪಟ್ಟಿ ಮಾಡುವಾಗ ಒಂದು ವಿಚಿತ್ರ ಗಮನಕ್ಕೆ ಬಂತು. ತಮ್ಮ ಜಾಗ ಖಾಲಿ ಇದೆ ಎಂದು ಒಪ್ಪಿಕೊಳ್ಳುವವರು ಒಬ್ಬರೂ ಇಲ್ಲ. ಎದುರು ಮನೆಯ ಪುಟ್ಟಮ್ಮನವರನ್ನು ಕೇಳಿದರೆ, “ಖಾಲಿ ಎಲ್ಲೈತೆ ಮೇಷ್ಟ್ರೇ, ಹಸ ಕಟ್ಟೋ ಜಾಗ ಕಣ್ರೀ ಅದು” ಎಂದರು. “ಹಸ ಹೋಗಿ ಆರು ವರ್ಷ ಆಯ್ತಲ್ಲ ಪುಟ್ಟಮ್ಮಾರೇ” ಎಂದೆ. “ಗೂಟ ಐತಲ್ಲ” ಎಂದರು. ಮನೆಗೆ ಬಂದು ಆ ಗೂಟದ ಕಥೆಯನ್ನು ಹೆಂಡತಿ ಗಿರಿಜೆಗೆ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳು ಯಾಕೋ ನನ್ನಷ್ಟು ನಗಲಿಲ್ಲ.

ಹೀಗಿರುವಾಗ, ಯುಗಾದಿ ಕಳೆದ ವಾರ, ನನ್ನ ಭಾವಮೈದುನ ರುದ್ರೇಶ ಬಂದ. ಗಿರಿಜೆಯ ಒಬ್ಬನೇ ತಮ್ಮ. ಹಾಲ್ಕುರಿಕೆ ರಸ್ತೆಯಲ್ಲಿ ಮೂರು ಎಕರೆ ತೆಂಗಿನ ತೋಟ ಅವನದು. ವರ್ಷಾವರ್ಷ ಅಕ್ಕನ ಪಾಲು ಎಂದು ಒಂದು ಟೆಂಪೋ ಕಾಯಿ ತಂದು ನಮ್ಮ ಅಟ್ಟಕ್ಕೆ ಹಾಕಿ ಹೋಗುತ್ತಾನೆ. ಆವತ್ತು ಬರಿಗೈಲಿ ಬಂದವನು ಕಾಫಿ ಲೋಟವನ್ನು ಕೆಳಗಿಡದೆ ಹೇಳಿದ: “ಭಾವ, ತೋಟ ಕೊಟ್ಬುಡಾನ ಅಂತಿದೀನಿ.”

ವಿಷಯ ಇಷ್ಟು. ಅವನ ಮಗಳು ಸುಮಾ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸು, ಅಳಿಯ ಬಸ್ ಕಂಡಕ್ಟರು. ಇಬ್ಬರಿಗೂ ಹೊತ್ತುಗೊತ್ತಿಲ್ಲದ ಕೆಲಸ. ಬಾಡಿಗೆ ಮನೆಯವರು ಬಿಡಿ ಎನ್ನುತ್ತಿದ್ದಾರೆ. ಲೇಔಟು ಮಾಡುವವನೊಬ್ಬ, ತೋಟ ಕೊಟ್ಟರೆ ಅದರಲ್ಲೇ ಮಗಳಿಗೊಂದು ಮೂಲೆ ಸೈಟು ಬಿಟ್ಟುಕೊಡುತ್ತೇನೆ ಎಂದು ಆಸೆ ಹುಟ್ಟಿಸಿದ್ದಾನೆ. ರುದ್ರೇಶನಿಗೆ ಉತ್ತರ ಹೇಳಲು ಎಂಟು ದಿನ ಉಳಿದಿದೆ. ಸೈಟಿನ ಗಡಿಕಲ್ಲುಗಳು ಆಗಲೇ ತೋಟದ ಬೇಲಿಯ ಪಕ್ಕ ಬಂದು ಬಿದ್ದಿವೆ.

ಇಂಥ ಅವಕಾಶಕ್ಕಾಗಿ ನಾನು ಎಷ್ಟು ವರ್ಷದಿಂದ ಕಾದಿದ್ದೆ! ಒಂದು ಗಂಟೆ ಪಾಠ ಮಾಡಿದೆ. “ಮಗೀಗೆ ಮನೆ ತಾನೇ ಬೇಕು? ಅದಕ್ಕೆ ತೋಟ ಯಾಕ್ಲಾ ಕಡೀಬೇಕು? ಆಸ್ಪತ್ರೆಗೆ ನಡ್ಕೊಂಡು ಹೋಗೋ ದೂರದಲ್ಲಿ ಹದಿನೇಳು ಜಾಗ ಐತೆ. ತಗೋ ಈ ಪುಸ್ತಕ. ಒಬ್ಬೊಬ್ಬರ ಬಾಗಿಲೂ ತಟ್ಟು. ನೆಂಟರು, ಗುರುತಿನೋರು ಅಂತ ದಾಕ್ಷಿಣ್ಯ ಮಾಡ್ಕೋಬೇಡ, ಬಾಯಿಬಿಟ್ಟು ಕೇಳು” ಎಂದೆ. ರುದ್ರೇಶ ಹೇಳಿದ್ದನ್ನು ಹೇಳಿದಂತೆ ಮಾಡುವ ಮನುಷ್ಯ. ಅವನ ಈ ಗುಣವನ್ನು ನಾನು ಅಲ್ಲಿಯವರೆಗೂ ಹೊಗಳುತ್ತಲೇ ಬಂದಿದ್ದೆ.

ಏಳನೇ ದಿನ ಬೆಳಿಗ್ಗೆ ಬಂದ. ಮುಖ ಬಾಡಿತ್ತು, ಚಪ್ಪಲಿ ಸವೆದಿತ್ತು. ಹದಿನೇಳಕ್ಕೆ ಹದಿನೇಳೂ ಇಲ್ಲ ಎಂದಿದ್ದವು. ಒಂದು ಜಾಗ ಅಣ್ಣತಮ್ಮಂದಿರ ವ್ಯಾಜ್ಯದಲ್ಲಿತ್ತು, ಇನ್ನೊಂದಕ್ಕೆ ವಾಸ್ತು ಕೂಡಿಬಂದಿರಲಿಲ್ಲ, ಮತ್ತೊಂದರ ಯಜಮಾನರು ‘ಇರ್ಲಿ, ಇರುತ್ತೆ’ ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡಿದ್ದರು. ಪುಟ್ಟಮ್ಮನವರು ಗೂಟ ತೋರಿಸಿದ್ದರು.

“ಆದ್ರೆ ಹದಿನೆಂಟನೇದು ಒಂದು ಸಿಕ್ತು ಭಾವ. ನಿಮ್ಮ ಲೆಕ್ಕದಲ್ಲಿ ಬಿಟ್ಟೋಗಿತ್ತು” ಎಂದ ರುದ್ರೇಶ.

ನನಗೆ ಅವಮಾನವೂ ಆಯಿತು, ಖುಷಿಯೂ ಆಯಿತು. “ಎಲ್ಲಿ? ಯಾರದು? ನಡಿ, ನಾನೇ ಬಂದು ಮಾತಾಡ್ತೀನಿ. ನನ್ನ ಮಾತು ತೆಗೆದುಹಾಕೋರು ಈ ಪೇಟೇಲಿ ಯಾರವ್ರೆ?” ಎಂದು ಚಪ್ಪಲಿ ಮೆಟ್ಟಿ, ಹೆಗಲಿಗೆ ಟವೆಲು ಹಾಕಿ ಹೊರಟೇಬಿಟ್ಟೆ. ರುದ್ರೇಶ ಬೀದಿಗೆ ಇಳಿದ, ಎಡಕ್ಕೆ ತಿರುಗಿದ, ಇಪ್ಪತ್ತು ಹೆಜ್ಜೆ ಹಾಕಿ ನಿಂತ. ಚಪ್ಪಲಿಗೆ ಏನೋ ಚುಚ್ಚಿರಬೇಕೆಂದು ನಾನೂ ನಿಂತೆ. ಅವನು ಪುಸ್ತಕ ಬಿಚ್ಚಿ ತೋರಿಸಿದ. ನನ್ನ ಮುತ್ತಿನಂಥ ಅಕ್ಷರದ ಪಟ್ಟಿಯ ಕೆಳಗೆ ಅವನ ಸೊಟ್ಟ ಅಕ್ಷರದಲ್ಲಿ ಬರೆದಿತ್ತು: ‘೧೮. ಭಾವನ ಹಿತ್ತಲು.’

ತಲೆ ಎತ್ತಿ ನೋಡಿದರೆ, ನಮ್ಮ ಮನೆಯ ಪಕ್ಕಕ್ಕೇ ಅಂಟಿಕೊಂಡ, ಹಿತ್ತಲು ಎಂದು ನಾವು ಕರೆಯುವ ನಮ್ಮದೇ ಜಾಗ. ನಮ್ಮಪ್ಪ ಕೊಂಡಿದ್ದು. ದಿನಕ್ಕೆ ಹತ್ತು ಸಲ ಓಡಾಡುವ ಜಾಗ. ಆಣೆ ಮಾಡಿ ಹೇಳುತ್ತೇನೆ, ಅದನ್ನು ನಾನು ಬೇಕೆಂದು ಬಿಟ್ಟಿರಲಿಲ್ಲ. ಅದು ಖಾಲಿ ಎಂದು ನನಗೆ ಹೊಳೆದೇ ಇರಲಿಲ್ಲ. ಒಂದು ಮೂಲೆಯಲ್ಲಿ ಕಾಯಿ ಅಟ್ಟದ ಶೆಡ್ಡು, ಒಂದು ಕರಿಬೇವಿನ ಗಿಡ, ಓಡದ ಒಂದು ಸ್ಕೂಟರು, ನೀರೊಲೆಗೆಂದು ಪೇರಿಸಿದ ತೆಂಗಿನ ಮಟ್ಟೆ. ಮಾಳಿಗೆಗೆ ಸೋಲಾರ್ ಬಂದ ಮೇಲೆ ನೀರೊಲೆ ಹಚ್ಚಿದವರಿಲ್ಲ, ಆ ಮಾತು ಬೇರೆ.

“ಇದು ಖಾಲಿ ಅಲ್ಲ ಕಣ್ಲಾ” ಎಂದೆ.

“ಮತ್ತೆ?”

“ಮಟ್ಟೆ ಐತಲ್ಲ” ಎಂದೆ. ಎದುರು ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದ ಪುಟ್ಟಮ್ಮನವರು ಕೈ ನಿಲ್ಲಿಸಿ ನನ್ನನ್ನೇ ನೋಡಿದರು.

ಮಟ್ಟೆಯ ವಾದ ಬಿತ್ತೆಂದು ನನಗೇ ಗೊತ್ತಾಯಿತು. ತಕ್ಷಣ ಬ್ರಹ್ಮಾಸ್ತ್ರ ತೆಗೆದೆ. “ನೋಡು ರುದ್ರೇಶ, ಕೊಡಬಾರದು ಅಂತಲ್ಲ. ಅಟ್ಟದ ಮೇಲೆ ಕಾಯಿ ಐತೆ. ಕೊಬ್ಬರಿ ಆಗೋ ತನಕ ಅಲುಗಾಡಿಸೋ ಹಂಗಿಲ್ಲ. ಒಂದು ಹತ್ತು ತಿಂಗಳು ಹೋಗ್ಲಿ, ಆಮೇಲೆ ನೋಡಾನ.” ನಮ್ಮ ಸೀಮೆಯಲ್ಲಿ ಈ ಮಾತಿಗೆ ಎದುರಿಲ್ಲ. ನಾವು ಕಾಯಿ ಒಡೆದು ಬಿಸಿಲಿಗೆ ಹಾಕುವವರಲ್ಲ. ಇಡೀ ಕಾಯನ್ನೇ ಅಟ್ಟಕ್ಕೆ ಹಾಕಿ ಹತ್ತಿರ ಹತ್ತಿರ ವರ್ಷ ಕಾಯುವವರು. ಒಳಗಿನ ನೀರು ತಾನೇ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗಬೇಕು. ಅಲ್ಲಿಯವರೆಗೆ ಮನೆಗೆ ಎಂಥ ದೊಡ್ಡ ಮನುಷ್ಯ ಬಂದರೂ ಅಟ್ಟದ ಕಾಯಿ ಮುಟ್ಟುವುದಿಲ್ಲ. ಹತ್ತು ತಿಂಗಳಲ್ಲಿ ಏನು ಬೇಕಾದರೂ ಆಗಬಹುದು, ಸುಮಾಗೆ ಬೇರೆ ಊರಿಗೆ ವರ್ಗವೂ ಆಗಬಹುದು ಎಂದು ನನ್ನ ಮನಸ್ಸು ಒಳಗೊಳಗೇ ಲೆಕ್ಕ ಹಾಕುತ್ತಿತ್ತು. ಆದರೆ ಯಾರ ಮುಂದೆ ಈ ಮಾತು ಹೇಳುತ್ತಿದ್ದೇನೆ ಎಂಬುದನ್ನೇ ಮರೆತಿದ್ದೆ.

ರುದ್ರೇಶ ಶೆಡ್ಡಿಗೆ ನುಗ್ಗಿ, ಏಣಿ ಹತ್ತಿ, ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಗಡಗಡ. ಇನ್ನೊಂದು ತೆಗೆದ. ಗಡಗಡ. ಮೂರನೆಯದನ್ನು ಕೆಳಗೆ ತಂದು ನನ್ನ ಕಿವಿಗೇ ಹಿಡಿದ. ಉಂಡೆಯಾದ ಕೊಬ್ಬರಿ ಚಿಪ್ಪಿನೊಳಗೆ ಆ ಕಡೆಯಿಂದ ಈ ಕಡೆಗೆ ಓಡಾಡುವ ಸದ್ದು ಬೀದಿಗೆಲ್ಲ ಕೇಳುವಂತಿತ್ತು.

“ಇದು ಹೋದ ವರ್ಷದ್ದೂ ಅಲ್ಲ ಭಾವ, ಅದರ ಹಿಂದಿನ ವರ್ಷ ನಾನೇ ತಂದು ಹಾಕಿದ್ದು. ಇನ್ನೂ ಬುಟ್ರೆ ಕೌಟು ವಾಸನೆ ಹತ್ತುತ್ತೆ” ಎಂದ. ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಾದರೂ ಇದ್ದಿದ್ದರೆ ಜಗಳ ಮಾಡಿ ಪಾರಾಗಬಹುದಿತ್ತು.

ಇಂಥ ಹೊತ್ತಿನಲ್ಲಿ ಗಂಡಸರು ಎಲ್ಲಿ ಅಡಗುತ್ತಾರೋ ನಾನೂ ಅಲ್ಲೇ ಅಡಗಿದೆ. “ಗಿರಿಜನ್ನ ಒಂದು ಮಾತು ಕೇಳಬೇಕಲ್ಲಪ್ಪ” ಎಂದೆ. ಕೇಳುವ ಕಷ್ಟ ಬರಲಿಲ್ಲ. ಗಿರಿಜೆ ಆಗಲೇ ಹಿತ್ತಲ ಬಾಗಿಲಲ್ಲಿ ರಾಗಿ ಹಿಟ್ಟಿನ ಕೈಯಲ್ಲೇ ನಿಂತಿದ್ದಳು. ತಮ್ಮನ ಮುಖ ನೋಡಿದಳು, ಅವನ ಕೈಯಲ್ಲಿದ್ದ ಕಾಯಿ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು.

“ಅಲ್ಲ ಕಣ್ರೀ, ಆ ತೋಟ ಹೋದ ಮೇಲೆ ಈ ಅಟ್ಟಕ್ಕೆ ಏನು ಹಾಕ್ತೀರಿ? ನಿಮ್ಮ ಭಾಷಣಾನಾ?”

ಅಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ಅವಳು ದನಿ ತಗ್ಗಿಸಿ, “ಆ ಸಸಿಗಳಿಗೆ ಅವ್ವನೂ ನಾನೂ ಕೆರೆಯಿಂದ ಬಿಂದಿಗೇಲಿ ನೀರು ಹೊತ್ತಿದೀವಿ. ಇವನು ಆಗ ಜೋಳಿಗೇಲಿ ಮಲಗಿರೋನು” ಎಂದಳು. ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ಈ ಸಂಗತಿ ನನಗೆ ಗೊತ್ತಿರಲಿಲ್ಲ. ಊರಿನ ತೋಟಗಳ ಪರವಾಗಿ ಅಷ್ಟೆಲ್ಲ ಭಾಷಣ ಬಿಗಿದವನು, ಮನೆಯೊಳಗೇ ಇದ್ದ ತೋಟದವಳನ್ನು ಒಂದು ದಿನವೂ ಕೇಳಿರಲಿಲ್ಲ. ನಿಜವಾಗಿಯೂ ನಾಚಿಕೆಯಾಯಿತು. ಆದರೆ ಮೇಷ್ಟ್ರು ನಾಚಿಕೆಯನ್ನು ನಾಚಿಕೆಯ ಹಾಗೆ ತೋರಿಸುವುದಿಲ್ಲ. ಗಂಟಲು ಸರಿಮಾಡಿಕೊಂಡು, ಪುಸ್ತಕ ಇಸಿದುಕೊಂಡು, “ಹದಿನೆಂಟೇ ಸರಿಯಾದ ಲೆಕ್ಕ. ನಾಳೆ ಅಟ್ಟ ಇಳಿಸೋಕೆ ಆಳು ಕರ್ಕೊಂಡು ಬಾ” ಎಂದೆ. ಕೊಟ್ಟೆನೋ ಮಾರಿದೆನೋ ಅದು ನಮ್ಮ ಮನೆಯ ಒಳಗಿನ ಮಾತು, ಬಿಡಿ. ಬೇಲಿಯ ಪಕ್ಕ ಬಿದ್ದಿದ್ದ ಕಲ್ಲುಗಳು ಬಂದ ಟ್ರ್ಯಾಕ್ಟರಿನಲ್ಲೇ ವಾಪಸು ಹೋದವು.

ಈಗ ಅಲ್ಲಿ ಸುಮಾಳ ಮನೆ ಎದ್ದಿದೆ. ಚಿಕ್ಕದು, ಚೊಕ್ಕದು, ಕೆಳಗೆರಡು ಕೋಣೆ, ಮೇಲೊಂದು. ರಸ್ತೆ ಹೊಸದಾಗಿ ಮಾಡಿಸಬೇಕಾಗಲಿಲ್ಲ, ಕಂಬ ನೆಡಬೇಕಾಗಲಿಲ್ಲ, ಒಂದು ತೆಂಗಿನ ಮರವೂ ಬೀಳಲಿಲ್ಲ. ನಾನು ಹೇಳುತ್ತ ಬಂದದ್ದು ನೂರಕ್ಕೆ ನೂರು ಸರಿ ಎಂದು ಸಾಬೀತಾಯಿತು. ನಷ್ಟವೇ ಇಲ್ಲ ಎನ್ನಲಾರೆ. ಬೆಳಗಿನ ಹೊತ್ತು ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದಾಗ ಬೀಳುತ್ತಿದ್ದ ಎಳೆಬಿಸಿಲು ಹೋಯಿತು. ಉಪ್ಪಿನಕಾಯಿ ಭರಣಿಗೆ ಕೈ ಹಾಕಿದರೆ ಆ ಕಡೆ ಕಿಟಕಿಯಿಂದ “ಮಾವ, ಬೀಪಿ!” ಎಂಬ ಕೂಗು ಬರುತ್ತದೆ. ಮೊನ್ನೆ ಪುಟ್ಟಮ್ಮನವರು ತಾವಾಗಿ ಬಂದು, “ನೀವೇ ಕಟ್ಟಿಸ್ಬುಟ್ರಲ್ಲ ಮೇಷ್ಟ್ರೇ, ನಾವೂ ಗೂಟ ಕೀಳಾನ ಅಂತಿದೀವಿ” ಎಂದರು. ಗಿರಿಜೆಯ ಪಾಲಿನ ಕಾಯಿ ಈ ವರ್ಷವೂ ಬಂದು ನಡುಮನೆಯ ಅಟ್ಟ ಸೇರಿದೆ.

ನನ್ನ ಕೀರ್ತಿ ತುರುವೇಕೆರೆಗೂ ಮುಟ್ಟಿ, ಹೋದ ವಾರ ಅಲ್ಲಿಯವರು ಭಾಷಣಕ್ಕೆ ಕರೆದಿದ್ದರು. ಹಳೆಯ ಪುಸ್ತಕ ಮಾಸಿತ್ತು. ನಾಲ್ಕು ಜನರ ಮುಂದೆ ತೋರಿಸುವುದಲ್ಲವೇ ಎಂದು ಪಟ್ಟಿಯನ್ನೆಲ್ಲ ಹೊಸ ಪುಸ್ತಕಕ್ಕೆ ಇಳಿಸಿದೆ. ಇಳಿಸುವಾಗ ಕ್ರಮ ಸ್ವಲ್ಪ ಹಿಂದುಮುಂದಾಯಿತು. ‘ನಮ್ಮ ಹಿತ್ತಲು’ ಒಂದನೇ ನಂಬರಿಗೆ ಬಂದು ಕೂತಿತು. ಸಭೆಯಲ್ಲಿ ಆ ಪುಟ ಎತ್ತಿಹಿಡಿದು, “ನಾನು ಎಣಿಕೆ ಶುರುಮಾಡಿದ್ದೇ ನನ್ನ ಮನೆಯಿಂದ” ಎಂದೆ. ಚಪ್ಪಾಳೆ ಜೋರಾಗಿಯೇ ಬಿತ್ತು. ಸಂಜೆ ಮನೆಗೆ ಬಂದವನು ಹಳೆಯ ಪುಸ್ತಕವನ್ನು ಹರಿದು ಬಿಸಾಡೋಣವೆಂದು ಹುಡುಕಿದರೆ ಮೇಜಿನ ಖಾನೆಯಲ್ಲಿ ಅದು ಇಲ್ಲ. ಗಿರಿಜೆಯನ್ನು ಕೇಳಿದೆ. ಅವಳು ಸೊಪ್ಪು ಸೋಸುತ್ತ, ತಲೆ ಎತ್ತದೆ, ಗದ್ದದಿಂದಲೇ ಕಿಟಕಿಯ ಕಡೆ ತೋರಿಸಿದಳು. ಅಲ್ಲಿ, ಸುಮಾಳ ಮನೆಯ ಗೋಡೆಯ ಮೇಲೆ, ನನ್ನ ಕುರ್ಚಿಗೆ ಸರಿಯಾಗಿ ಎದುರಿಗೆ, ಆ ಹಳೆಯ ಹಾಳೆ ಗಾಜು ಕಟ್ಟು ಹಾಕಿಸಿಕೊಂಡು ನೇತಾಡುತ್ತಿತ್ತು. ಮೇಲೆ ಹದಿನೇಳು ಸಾಲು ನನ್ನ ಮುತ್ತಿನಂಥ ಅಕ್ಷರ, ಕೆಳಗೆ ರುದ್ರೇಶನ ಸೊಟ್ಟ ಅಕ್ಷರದ ಒಂದು ಸಾಲು.

ಈಗ ನಾನು ಆ ಕಿಟಕಿಗೆ ಬೆನ್ನು ಮಾಡಿ ಕೂತು ಪೇಪರು ಓದುತ್ತೇನೆ. ಹೇಗೂ ಆ ಕಡೆಯಿಂದ ಬಿಸಿಲು ಬರುವುದಿಲ್ಲವಲ್ಲ.