ತ್ರಯಂಬಕ ಮೇಷ್ಟ್ರ ಮುಂಗಾಣಿ ಗೇರ್‌ಬಾಕ್ಸ್

"ಎಲೆ ಹಾಕು!" ಎಂದರು ತ್ರಯಂಬಕ ಮೇಷ್ಟ್ರು.

ಊಟಕ್ಕೆ ಇನ್ನೂ ಹೊತ್ತಿತ್ತು. ಆದರೂ ಅಂಬುಜಾಕ್ಷಿ ಹೊಸ ಕಾರಿನ ಬಾನೆಟ್ಟಿನ ಮೇಲೆ ಬಾಳೆಲೆ ಹಾಸಿದರು. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಿ ನಿವೃತ್ತರಾದ ಗಂಡ ಹೊತ್ತಲ್ಲದ ಹೊತ್ತಿನಲ್ಲಿ ಎಲೆ ಕೇಳಿದರೆ ಅದು ಊಟಕ್ಕಲ್ಲ, ಉಪನ್ಯಾಸಕ್ಕೆ ಎಂಬುದು ಆಕೆಗೆ ಮದುವೆಯಾದ ಹೊಸದರಲ್ಲೇ ತಿಳಿದುಹೋಗಿತ್ತು. ಪಕ್ಕದ ಮನೆಯ ಗಂಗಣ್ಣ ಕಾಂಪೌಂಡಿನ ಮೇಲಿಂದ ಕತ್ತು ಚಾಚಿದ. ತುಮಕೂರಿನ ಆ ಬೀದಿಯಲ್ಲಿ ಮೇಷ್ಟ್ರ ಹೊಸ ಯಂತ್ರವೆಂದರೆ ಬಿಟ್ಟಿ ನಾಟಕ!

"ಇದು ಮದುವೆ ಮನೆ ಪಂಕ್ತಿ ಅಂದ್ಕೋ. ನೀನು ಕೇಳಿದ್ಯಲ್ಲ ಆಟೊಮ್ಯಾಟಿಕ್ಕು, ಟಾರ್ಕ್ ಕನ್ವರ್ಟರ್ ಇರೋದು, ಅದು ವಯಸ್ಸಾದ ಒಬ್ಬನೇ ಅಡುಗೆಭಟ್ಟ. ಸಾರು ಬಡಿಸ್ತಾನೆ, ನಿಧಾನಕ್ಕೆ ಒಳಗೆ ಹೋಗ್ತಾನೆ, ಆಮೇಲೆ ಪಲ್ಯ ತರ್ತಾನೆ. ಅಲ್ಲೀವರೆಗೂ ನೀನು ಎಲೆ ನೋಡ್ಕೊಂಡು ಕೂತಿರ್ಬೇಕು!"

"ಕೂತಿರ್ತೀನಿ. ಮೈಮೇಲಂತೂ ಚೆಲ್ಲಲ್ವಲ್ಲ?"

"ಪೂರ್ತಿ ಕೇಳು! ನಾನು ತಂದಿರೋದು ಡ್ಯುಯಲ್ ಕ್ಲಚ್ಚು. ಕಾಲಲ್ಲಿ ತುಳಿಯೋ ಕ್ಲಚ್ಚು ಇದರಲ್ಲೂ ಇಲ್ಲ. ಬಡಿಸೋಕೆ ಇಬ್ಬರು. ಒಬ್ಬ ಸಾರು ಹಾಕ್ತಿರುವಾಗಲೇ ಇನ್ನೊಬ್ಬ ಪಲ್ಯ ಹಿಡ್ಕೊಂಡು ಬೆನ್ನ ಹಿಂದೆ ನಿಂತಿರ್ತಾನೆ. ಒಂದು ಕ್ಲಚ್ಚಲ್ಲಿ ಈಗಿನ ಗೇರು, ಇನ್ನೊಂದರಲ್ಲಿ ಮುಂದಿನ ಗೇರು ರೆಡಿ. ರೆಪ್ಪೆ ಮಿಟುಕಿಸೋದರೊಳಗೆ ಬದಲಾವಣೆ!"

"ಟ್ರಾಫಿಕ್ಕಲ್ಲಿ ಇಬ್ಬರೂ ಒಟ್ಟಿಗೆ ನುಗ್ಗಿ ಕಾರು ಕುಕ್ಕುತ್ತಂತೆ? ಬಿಸಿನೂ ಆಗುತ್ತಂತೆ?"

"ಯಾಕಂದ್ರೆ ಎಲೆ ಮುಂದೆ ಕೂತೋರಿಗೆ ಏನು ಬೇಕು ಅಂತ ಅವರಿಗೆ ಗೊತ್ತಿರಲ್ಲ, ಅದಕ್ಕೆ! ಗೊತ್ತಾಗೋ ಹಾಗೆ ನಾನು ಮಾಡಿದೀನಿ!" ಎಂದು ಮೇಷ್ಟ್ರು ಕಾರಿನ ಬಾಗಿಲು ತೆಗೆದು ತೋರಿಸಿದರು. ಗೇರಿನ ಹಿಡಿಯ ಬುಡದಲ್ಲಿ ತಿಂಡಿಡಬ್ಬಿಯಷ್ಟು ಗಾತ್ರದ ಒಂದು ಪೆಟ್ಟಿಗೆ, ಅದರ ಮೇಲೆ ನೀಲಿ ದೀಪ, ಪಕ್ಕದಲ್ಲಿ ಗೋಲಿಯಂಥ ಕ್ಯಾಮೆರಾ. "ಇದರ ಹೆಸರು ಮುಂಗಾಣಿ. ಮನೆಯವರ ಅಭ್ಯಾಸಗಳನ್ನೆಲ್ಲ ನೋಡಿ, ಕೇಳಿ ಕಲಿಯುತ್ತೆ. ನೀನು ಮುಂದೇನು ಮಾಡ್ತೀಯ ಅಂತ ನಿನಗಿಂತ ಮೊದಲೇ ತಿಳ್ಕೊಂಡು ಗೇರು ಹಾಕುತ್ತೆ!"

ಅಂಬುಜಾಕ್ಷಿಗೆ ಅಳು ಬರುವುದೊಂದು ಬಾಕಿ. ಈ ಪುಟ್ಟ ಎಸ್‌ಯುವಿಯನ್ನು ಕೊಂಡದ್ದೇ ಆಕೆಗಾಗಿ. ಕುಣಿಗಲ್ಲಿನಲ್ಲಿರುವ ತಂಗಿ ವನಮಾಲಾಳನ್ನು ನೋಡಬೇಕೆಂದಾಗಲೆಲ್ಲ "ನೋಡೋಣ" ಎನ್ನುವ ಗಂಡನ ಬಾಯಿ ಕಾಯುವುದು ಸಾಕಾಗಿ, ಐವತ್ತು ದಾಟಿದ ಮೇಲೆ ಆಕೆ ಕಾರು ಕಲಿಯಲು ಹೊರಟಿದ್ದರು. ಎಡಗಾಲಿಗೂ ಕ್ಲಚ್ಚಿಗೂ ಮಾತ್ರ ಕೊನೆಗೂ ರಾಜಿಯಾಗಲಿಲ್ಲ. ಲೈಸೆನ್ಸ್ ಪರೀಕ್ಷೆಯಲ್ಲಿ ಎರಡು ಸಲ ಫೇಲು! ಕ್ಲಚ್ಚೇ ತುಳಿಯದ ಆಟೊಮ್ಯಾಟಿಕ್ ಕೊಡಿ ಎಂದು ಷೋರೂಮಿಗೆ ಹೋದರೆ, ಜೊತೆಗೆ ಬಂದ ಮೇಷ್ಟ್ರು ಮಾರುವ ಹುಡುಗಿಗೇ ಪಾಠ ಮಾಡಿ ಇದನ್ನು ತಂದಿದ್ದರು. "ಈ ಸಲವೂ ಫೇಲಾದ್ರೆ ಕಾರು ನನ್ನ ಪ್ರಯೋಗಕ್ಕೆ" ಎಂದು ಬೇರೆ ಹೇಳಿಬಿಟ್ಟಿದ್ದರು.

ಮೊದಲ ಕೆಲವು ದಿನ ಮೇಷ್ಟ್ರೇ ಓಡಿಸಿದರು. ಮುಂಗಾಣಿ ಮಿಣಮಿಣ ಎನ್ನುತ್ತ ಎಲ್ಲವನ್ನೂ ಕಲಿಯಿತು. ಕಾರು ಬೆಣ್ಣೆಯ ಹಾಗೆ ಹೋಗುತ್ತಿತ್ತು. "ಹೇಗೆ?" ಎಂದು ಮೇಷ್ಟ್ರು ಮೀಸೆ ತಿರುವಿದರು.

ಆಮೇಲೆ ಅಂಬುಜಾಕ್ಷಿ ಸ್ಟಿಯರಿಂಗ್ ಹಿಡಿದರು, ಮೇಷ್ಟ್ರು ಪಕ್ಕದಲ್ಲಿ ಕೂತರು. ಬೀದಿಯ ತುದಿಯ ಹಿಟ್ಟಿನ ಗಿರಣಿಯ ತಿರುವು ಬಂತು. ಕಾರು ತಾನಾಗಿಯೇ ನಿಂತಿತು. ಒಳಗೆಲ್ಲೋ ಕಟಕ್ ಎಂದಿತು. ನೋಡನೋಡುತ್ತ ಕಾರು ಹಿಂದು ಹಿಂದಕ್ಕೆ ಹೊರಟೇಬಿಟ್ಟಿತು!

"ಅಯ್ಯಯ್ಯೋ! ಏನ್ರೀ ಇದು?"

"ಸ್ಟಿಯರಿಂಗ್ ಹಿಡಿ! ಹಿಂದೆ ನೋಡು! ಎಡಕ್ಕೆ! ಗಂಗಣ್ಣಾ, ಸರಿಯೋ ಆ ಕಡೆ!"

ಗಂಗಣ್ಣ ಹಾಲಿನ ಪಾತ್ರೆ ಸಮೇತ ಚರಂಡಿ ಹಾರಿದ. ಕಾರು ಮನೆಯ ಗೇಟಿನ ಮುಂದೆ ಬಂದು ಸಾಧುವಾಗಿ ನಿಂತಿತು. ಮೇಷ್ಟ್ರು ಹಣೆ ಚಚ್ಚಿಕೊಂಡರು. ಎಲ್ಲಿಗೆ ಹೊರಟರೂ ಗಿರಣಿಯ ತಿರುವಿನಲ್ಲಿ "ಬೀಗ ಹಾಕಿದ್ಯಾ?" ಎಂದು ಅನುಮಾನ ಬಂದು, ರಿವರ್ಸಿನಲ್ಲೇ ವಾಪಸು ಬಂದು, ಬೀಗ ಜಗ್ಗಿ ನೋಡಿ ಮತ್ತೆ ಹೊರಡುವುದು ಆ ಮನೆಯ ಪದ್ಧತಿ. ಮುಂಗಾಣಿ ಅದನ್ನು ಚಾಚೂತಪ್ಪದೆ ಕಲಿತಿತ್ತು. ಈಗ ಅದಕ್ಕೆ ತಿರುವು ಎಂದರೆ ಸಾಕು, ರಿವರ್ಸ್ ಗೇರು.

"ನಿಮ್ಮ ಅನುಮಾನ ಕಾರಿಗೂ ಅಂಟಿಸಿದ್ರಲ್ರೀ!"

"ಬೀಗ ಹಾಕ್ದೆ ಬರೋಳು ನೀನು!"

ಅಷ್ಟಕ್ಕೇ ಮುಗಿಯಲಿಲ್ಲ. ಮಾರನೆಯ ದಿನ ಮಾರುಕಟ್ಟೆಯ ಸರ್ಕಲ್ಲಿನಲ್ಲಿ ಸೊಪ್ಪು ಮಾರುವವಳೊಬ್ಬಳು "ಆಕ್ಷೀ!" ಎಂದು ಸೀನಿದಳು. ಕಾರು ನಟ್ಟನಡುವೆ ನಿಂತುಬಿಟ್ಟಿತು. ಹಿಂದೆ ಬಸ್ಸುಗಳು ಕೂಗಿಕೊಂಡವು, ಆಟೋದವರು ಮೇಷ್ಟ್ರ ವಂಶಾವಳಿ ವಿಚಾರಿಸಿದರು. ಹೊರಡುವಾಗ ಒಂಟಿ ಸೀನು ಬಿದ್ದರೆ ಕೂತು, ನೀರು ಕುಡಿದು ಹೊರಡುವುದನ್ನೂ ಮುಂಗಾಣಿ ಮನೆಯ ಗೇಟಿನ ಮುಂದೆ ನಿಂತೇ ನೋಡಿ ಕಲಿತಿತ್ತು. ಸೀನಿದವರೇ ನೀರು ಕುಡಿಯಬೇಕೆಂದು ಅದರ ಹಟ. ಮೇಷ್ಟ್ರು ಬಾಟಲಿ ಹಿಡಿದು ಸೊಪ್ಪಿನವಳ ಹಿಂದೆ ಓಡಿದರು. "ನಿಂದೇನಪ್ಪಾ ಇದು, ಬಾಯಾರಿಕೆ ಇಲ್ಲ ಅಂದ್ರೂ ಬಿಡಲ್ವಲ್ಲ!" ಎಂದು ಬೈಯುತ್ತಲೇ ಆಕೆ ಕುಡಿದಳು. ಕಾರು ಹೊರಟಿತು.

"ಕಿತ್ತು ಬಿಸಾಕ್ರಿ ಅದನ್ನ!" ಎಂದರು ಅಂಬುಜಾಕ್ಷಿ.

"ಕಿತ್ತರೆ ಇಡೀ ಗೇರ್‌ಬಾಕ್ಸ್ ಬಿಚ್ಚಬೇಕು. ಅಷ್ಟರಲ್ಲಿ ನಿನ್ನ ಕಲಿಯೋರ ಲೈಸೆನ್ಸಿನ ಅವಧಿ ಮುಗಿದುಹೋಗುತ್ತೆ. ಡ್ರೈವಿಂಗ್ ಸ್ಕೂಲಿನ ಕಾರಲ್ಲಿ ಪರೀಕ್ಷೆ ಕೊಡು."

"ಅದಕ್ಕೆ ತುಳಿಯೋ ಕ್ಲಚ್ ಇದೆ!" ಎಂದರು ಆಕೆ. "ನನ್ನ ತಂಗಿ ಮನೆಗೆ ನಾನೇ ಹೋಗ್ಬೇಕು ಅನ್ನೋದು ಅಷ್ಟು ದೊಡ್ಡ ಆಸೆಯೇನ್ರೀ?"

ಮೇಷ್ಟ್ರು ಕಾರಿನ ಕೀಲಿಯನ್ನು ಆಕೆಯ ಕೈಗಿಟ್ಟರು.

ಅಂದಿನಿಂದ ಅಂಬುಜಾಕ್ಷಿ ಅದೇ ಕಾರಿನಲ್ಲಿ ದಿನಾ ಅಭ್ಯಾಸ ಮಾಡಿದರು. ಗಂಡ ಪಕ್ಕದಲ್ಲಿ ಕೂತು ಎಡಬಿಡದೆ ಪಾಠ ಹೇಳುತ್ತಿದ್ದರು. ಆಕೆ ಅರ್ಧ ತುಮಕೂರನ್ನು ಹಿಮ್ಮುಖವಾಗಿಯೇ ಸುತ್ತಿದರು. ಗಂಗಣ್ಣ ಹಾಲಿಗೆ ಹೋಗುವ ದಾರಿಯನ್ನೇ ಬದಲಾಯಿಸಿದ.

ಪರೀಕ್ಷೆಯ ದಿನ ಬಂತು. ಮೇಷ್ಟ್ರು ಮೈದಾನದ ಬೇಲಿಯ ಆಚೆ ನಿಂತರು. ಇನ್‌ಸ್ಪೆಕ್ಟರ್ ಕೆಂಚಪ್ಪ ಪಕ್ಕದ ಸೀಟಿನಲ್ಲಿ ಕೂತರು. ನಗು ಎಂಬುದನ್ನು ಆ ಮುಖ ಕಂಡಂತಿರಲಿಲ್ಲ.

"ಎಂಟು ಹಾಕಿ."

ಅಂಬುಜಾಕ್ಷಿ ಕಾರು ಹೊರಡಿಸಿದರು. ಮೊದಲ ತಿರುವು ಬಂತು. ಕಟಕ್! ಆಕೆ ಕತ್ತು ಹೊರಳಿಸಿ, ಹಿಂದಿನ ಗಾಜಿನಲ್ಲಿ ಕಣ್ಣು ನೆಟ್ಟು ಸ್ಟಿಯರಿಂಗ್ ತಿರುಗಿಸಿದರು. ಕಾರು ಹಿಂದಕ್ಕೆ ಚಲಿಸುತ್ತ, ಒಂದೇ ಒಂದು ಕಂಬಕ್ಕೂ ತಾಗದೆ, ದುಂಡಗಿನ ಎಂಟನ್ನು ಬರೆಯಿತು.

"ಅಮ್ಮಾ, ಮುಂದಕ್ಕೆ! ಮುಂದಕ್ಕೆ ಹೋಗ್ಬೇಕು!"

"ಎಂಟು ಆಯ್ತಲ್ಲ ಸಾರ್. ಇಳೀರಿ, ನೋಡಿ!"

ಕೆಂಚಪ್ಪ ಇಳಿದು ನೋಡಿ ಬಂದು ಏನೋ ಗೊಣಗಿದರು. ಮುಂದಿನದು ದಿಬ್ಬ. ಅರ್ಧ ಏರಿ ನಿಲ್ಲಿಸಬೇಕು, ಕಾರು ಹಿಂದಕ್ಕೆ ಜಾರಕೂಡದು. ಅರ್ಧ ಏರುವಷ್ಟರಲ್ಲಿ ಇನ್‌ಸ್ಪೆಕ್ಟರ್ ಮೂಗಿಗೆ ಧೂಳು ಹೋಯಿತು. "ಆಕ್ಷೀ!"

ಕಾರು ಮೊಳೆ ಹೊಡೆದಂತೆ ನಿಂತಿತು. ಕೂದಲೆಳೆಯಷ್ಟೂ ಜಾರಲಿಲ್ಲ.

"ಭೇಷ್! ಸರಿ, ಈಗ ಹೊರಡಿ."

"ಸಾರ್, ಒಂದು ಗುಟುಕು ನೀರು ಕುಡೀರಿ."

"ಪರೀಕ್ಷೆ ಟೈಮಲ್ಲಿ ನಾನು ಯಾರ ಹತ್ರಾನೂ ಏನೂ ತಗೊಳ್ಳಲ್ಲ!"

"ಬರೀ ನೀರು ಸಾರ್!"

"ನೀರೂ ಇಲ್ಲ! ಇಷ್ಟು ವರ್ಷ ಕೈ ಶುದ್ಧವಾಗಿ ಇಟ್ಕೊಂಡಿದೀನಿ!"

ಹಿಂದೆ ಪರೀಕ್ಷೆಗೆ ಬಂದವರ ಸಾಲು ಹಾರ್ನ್ ಹೊಡೆಯತೊಡಗಿತು. ಲೈಸೆನ್ಸು, ಕಾರು, ವನಮಾಲಾ, ಎಲ್ಲವೂ ಒಂದು ಗುಟುಕು ನೀರಿನಲ್ಲಿ ಹೋಗುತ್ತದಲ್ಲಾ ಎಂದು ಅಂಬುಜಾಕ್ಷಿ ಕೈಮುಗಿದರು. "ಸಾರ್, ಹೊರಡುವಾಗ ಒಂಟಿ ಸೀನು ಸೀನಿದೀರಿ. ನಿಮ್ಮನೇಲಿ ಹೀಗಾದ್ರೆ ನಿಮ್ಮ ತಾಯಿಯವರು ಏನು ಮಾಡಿಸ್ತಿದ್ರು?"

ಕೆಂಚಪ್ಪ ಮೆಲ್ಲಗೆ ತಮ್ಮ ಚೀಲದಿಂದ ತಮ್ಮದೇ ಬಾಟಲಿ ತೆಗೆದು ಗಟಗಟನೆ ಕುಡಿದರು. ಕಾರು ಮೃದುವಾಗಿ ದಿಬ್ಬ ಏರಿತು.

"ಪಾಸು. ಎಂಟನ್ನ ಹಿಮ್ಮುಖವಾಗಿ ಹಾಕಿದೋರನ್ನ ನಾನು ಕಂಡಿರಲಿಲ್ಲ ತಾಯಿ. ಆದ್ರೆ ರಸ್ತೇಲಿ ಮುಂದಕ್ಕೇ ಹೋಗಿ, ಆಯ್ತಾ?"

ಮೇಷ್ಟ್ರು ಬೇಲಿ ಹಾರಿ ಓಡಿಬಂದರು. "ನೋಡಿದ್ಯಾ? ಎಲ್ಲ ನನ್ನ ಮುಂಗಾಣಿಯಿಂದ! ಮೂಲತಃ ಈ ತಂತ್ರಜ್ಞಾನ ಏನಂದ್ರೆ..." ಎನ್ನುತ್ತ ಕಾರು ಹತ್ತಿದರು. ಅಂಬುಜಾಕ್ಷಿ ಆಕ್ಸಿಲರೇಟರ್ ಒತ್ತಿದರು. ಎಂಜಿನ್ ಗುರ್ರೆಂದಿತು, ಕಾರು ಕದಲಲಿಲ್ಲ. ಮೇಷ್ಟ್ರು ಗಾಬರಿಯಿಂದ ಬಾಯಿ ಮುಚ್ಚಿದರು. ಕಾರು ಹೊರಟಿತು! "ಇದೇನಿದು?" ಎಂದರು. ಕಾರು ನಿಂತಿತು.

ಅವರಿಗೆ ಈಗ ಅರ್ಥವಾಯಿತು. ಅಭ್ಯಾಸದ ದಿನಗಳಲ್ಲಿ ಅವರು ಬಾಯಿ ಬಿಟ್ಟಾಗಲೆಲ್ಲ ಅಂಬುಜಾಕ್ಷಿ ರೇಗಿ ಬ್ರೇಕ್ ಒತ್ತುತ್ತಿದ್ದರು. ಮುಂಗಾಣಿ ಎಲ್ಲಕ್ಕಿಂತ ಚೆನ್ನಾಗಿ ಕಲಿತದ್ದು ಅದನ್ನೇ. ಮೇಷ್ಟ್ರು ಪಕ್ಕದಲ್ಲಿ ಬಾಯಿ ಬಿಗಿದು ಕೂತಿರುವಷ್ಟು ಹೊತ್ತು ಅದು ಅವರ ಬಾಯನ್ನೇ ಕಾಯುತ್ತ, ತಿರುವು, ಸೀನು ಯಾವುದನ್ನೂ ಲೆಕ್ಕಕ್ಕೇ ಇಡಲಿಲ್ಲ.

ಅಂಬುಜಾಕ್ಷಿ ಮನೆಯ ಕಡೆ ತಿರುಗಲಿಲ್ಲ. ನೇರ ಕುಣಿಗಲ್ ರಸ್ತೆ ಹಿಡಿದರು. ಡ್ಯುಯಲ್ ಕ್ಲಚ್ಚು ಒಂದಿಷ್ಟೂ ಕುಕ್ಕದೆ ಗೇರು ಬದಲಿಸುತ್ತ ಹೋಯಿತು. ಆಕೆಗೆ ಜೋರಾಗಿ ಹಾಡಿಬಿಡಬೇಕು ಅನ್ನಿಸಿತು, ಹಾಡಿಯೂಬಿಟ್ಟರು.

ಕುಣಿಗಲ್ಲಿನಲ್ಲಿ ವನಮಾಲಾ ಬಾಗಿಲಿಗೆ ಬಂದವಳು ಅಕ್ಕನನ್ನು ಅಪ್ಪಿಕೊಂಡಳು. ಹಿಂದೆ ತುಟಿ ಬಿಗಿದು ನಿಂತ ಭಾವನನ್ನು ಕಂಡು ಹೌಹಾರಿದಳು.

"ಯಾಕಕ್ಕಾ, ಭಾವ ಒಂದು ಮಾತೂ ಆಡ್ತಿಲ್ಲ? ಗಂಟಲು ಕೆಟ್ಟಿದೆಯಾ?"

"ಇಲ್ಲ ಕಣೇ," ಎಂದರು ಅಂಬುಜಾಕ್ಷಿ, ಚಪ್ಪಲಿ ಬಿಡುತ್ತ. "ಗೇರ್‌ಬಾಕ್ಸ್ ಸರಿಹೋಗಿದೆ."